ಗೆರೆ ದಾಟುವ ಮೊದಲೇ ಕೈ ಎತ್ತಿದವನು



ಈ ಸಲದ ಗೋಡೆ ಪತ್ರಿಕೆಗೆ ನಾನು "ನಮ್ಮೂರ ಅಣೆಕಟ್ಟು" ಎಂಬ ಪ್ರಬಂಧ ಬರೆಯುತ್ತೇನೆ ಎಂದು ಹೆಸರು ಕೊಟ್ಟಿದ್ದೆ. ಅದನ್ನು ಮುಂದಿನ ಸಲ ಬರೆಯುತ್ತೇನೆ. ಈಗ ಬೇರೆ ವಿಷಯ ಬರೆಯಬೇಕು ಅನ್ನಿಸಿತು. ಅಕ್ಕೋರನ್ನು ಕೇಳಿ, ಅವರು "ಬರಿ, ಆದ್ರೆ ಯಾರ ಹೆಸರೂ ಹಾಕ್ಬೇಡ" ಎಂದ ಮೇಲೆಯೇ ಬರೆದಿದ್ದೇನೆ. ಇದನ್ನು ಓದಿ ನಮ್ಮ ತರಗತಿಯ ಕೆಲವರಿಗೆ ಸಿಟ್ಟು ಬರಬಹುದು. ಪೂರ್ತಿ ಓದಿದ ಮೇಲೆ ಸಿಟ್ಟು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಕಳೆದ ಆಗಸ್ಟ್ ತಿಂಗಳಲ್ಲಿ ನಡೆದ ವಲಯ ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಶಾಲೆ 4×100 ರಿಲೇ ಓಟದಲ್ಲಿ ಎರಡನೇ ಸ್ಥಾನ ಪಡೆದದ್ದು ನಿಮಗೆಲ್ಲಾ ಗೊತ್ತಿದೆ. ಮೊದಲನೇ ಸ್ಥಾನ ಬಂದಿದ್ದರೆ ತಾಲೂಕು ಮಟ್ಟಕ್ಕೆ ಹೋಗುತ್ತಿದ್ದೆವು. ಕೊನೆಯ ಓಟಗಾರ, ಅಂದ್ರೆ ನಮ್ಮ ಗೆಳೆಯ, ನಾಲ್ಕೈದು ಹೆಜ್ಜೆ ಮುಂದಿದ್ದ. ಗೆರೆ ಇನ್ನೂ ಸ್ವಲ್ಪ ದೂರ ಇರುವಾಗಲೇ ರಿಲೇ ಕೋಲು ಹಿಡಿದುಕೊಂಡು ಎರಡೂ ಕೈ ಮೇಲೆತ್ತಿದ. ಎತ್ತಿದ ಕೂಡಲೇ ವೇಗ ಕಡಿಮೆ ಆಯಿತು. ಪಕ್ಕದ ಸಾಲಿನ ಹುಡುಗ ಎದೆ ಮುಂದೆ ಮಾಡಿ ನುಗ್ಗಿದ. ನಿರ್ಣಾಯಕರು ಅವನನ್ನೇ ಮೊದಲನೆಯವನೆಂದು ಹೇಳಿದರು. ಅದು ಸರಿಯಾದ ತೀರ್ಪೇ ಆಗಿತ್ತು. ಅದರ ಮೇಲೆ ನನ್ನ ದೂರು ಏನೂ ಇಲ್ಲ.

ನನ್ನ ದೂರು ಆಮೇಲೆ ಆದದ್ದರ ಮೇಲೆ. ಅಂದಿನಿಂದ ಅವನಿಗೆ "ಕೈಯೆತ್ತಪ್ಪ" ಎಂದು ಹೆಸರು ಬಿತ್ತು. ಹಾಜರಿ ಕರೆಯುವಾಗ ಅವನು ಕೈ ಎತ್ತಿದರೆ ಹಿಂದಿನ ಬೆಂಚಿನಿಂದ ನಗು. ಮೊದಲು ಗಣಿತದಲ್ಲಿ ಮಾಸ್ತರು ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮುಂಚೆ ಕೈ ಎತ್ತುವವನು ಅವನೇ. ಈಗ ಉತ್ತರ ಗೊತ್ತಿದ್ದರೂ ಎತ್ತುವುದಿಲ್ಲ. ನಾನು ಅವನ ಪಕ್ಕದಲ್ಲೇ ಕೂರುವವನು. ಲೆಕ್ಕ ಬಿಡಿಸಿ ಸ್ಲೇಟಿನ ಹಾಗೆ ಪಟ್ಟಿಯನ್ನು ಮಗುಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾನೆ. ಬರುವ ಜನವರಿಯಲ್ಲಿ ನಮ್ಮ ಶಾಲೆಯ ಕ್ರೀಡಾದಿನ ಇದೆ. ಅದರಲ್ಲಿ ಓಡುವುದಿಲ್ಲ ಎಂದು ಪಿ.ಟಿ. ಮಾಸ್ತರಿಗೆ ಹೇಳಿದ್ದಾನಂತೆ. ನಮ್ಮಲ್ಲಿ ಕೆಲವರು "ಒಳ್ಳೇದಾಯ್ತು ಬಿಡು" ಅಂದ್ರು. ನಾನು ಅದಕ್ಕೆ ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳಲು ದೂರದ ಒಂದು ಓಟದ ಕಥೆ ಹೇಳಬೇಕು. ಅದು ಕಾಲಿನಿಂದ ಓಡಿದ ಓಟವಲ್ಲ, ಚಕ್ರದ ಮೇಲೆ ಓಡಿದ ಓಟ.

ಕ್ರೀಡಾಕೂಟ ಮುಗಿದ ಮರುವಾರ ಪಿ.ಟಿ. ಮಾಸ್ತರು ನಮ್ಮ ನಾಲ್ಕು ಜನರನ್ನು ಕರೆದು ತಮ್ಮ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ನಮ್ಮ ಗೆಳೆಯ ಅಂದು ಶಾಲೆಗೆ ಬಂದಿರಲಿಲ್ಲ. ಆದ್ದರಿಂದ ನೋಡಿದ್ದು ಮೂರೇ ಜನ. ಅದು ಚೀನಾ ದೇಶದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ್ದು. ಈ ಕ್ರೀಡಾಕೂಟ 2022ರಲ್ಲಿ ನಡೆಯಬೇಕಿತ್ತು. ಕೊರೊನಾ ಕಾರಣದಿಂದ ಮುಂದೆ ಹೋಗಿ 2023ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ನಡೆಯಿತು. ನಮ್ಮ ಭಾರತ ಅದರಲ್ಲಿ ಒಟ್ಟು 107 ಪದಕ ಗೆದ್ದಿತು. ಅದರಲ್ಲಿ 28 ಚಿನ್ನ. ನಾನು ಹೇಳುವ ಓಟ ಅಕ್ಟೋಬರ್ 2ರಂದು ಆದದ್ದು. ನಾವೆಲ್ಲ ಗಾಂಧಿ ಜಯಂತಿ ಮಾಡಿ ಶಾಲೆಯ ಅಂಗಳ ಗುಡಿಸಿದ ದಿನವೇ ಅದು.

ಈ ಆಟಕ್ಕೆ ಇನ್‌ಲೈನ್ ಸ್ಪೀಡ್ ಸ್ಕೇಟಿಂಗ್ ಎನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ಎದುರಿಗೆ ನೋಡಿಲ್ಲ. ನಾನೂ ನೋಡಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಕೈಗಾದ ಕಾಲೊನಿಯ ಮಕ್ಕಳು ಸ್ಕೇಟಿಂಗ್ ಕಲಿಯುತ್ತಾರೆ. ಬೆಳಗಾವಿ, ಬೆಂಗಳೂರು, ಮೈಸೂರುಗಳಲ್ಲಿಯೂ ಕಲಿಸುತ್ತಾರೆ. ನಮ್ಮ ಕಡೆ ಚಿರೆಕಲ್ಲಿನ ಕೆಂಪು ಮೈದಾನ, ಕಡೀ ಎದ್ದ ರಸ್ತೆ. ಇಲ್ಲಿ ಚಕ್ರ ತಿರುಗುವುದು ಕಷ್ಟ. ಆದರೂ ಹಳೇ ಬೇರಿಂಗ್ ಹಾಕಿ ಹಲಗೆಯ ಗಾಡಿ ಮಾಡಿ ಇಳಿಜಾರಿನಲ್ಲಿ ಬಿಟ್ಟವರಿಗೆ ಈ ಆಟದ ರುಚಿ ಸ್ವಲ್ಪ ಗೊತ್ತಿರುತ್ತದೆ.

ಇದರ ಬೂಟಿನ ಅಡಿಯಲ್ಲಿ ಮೂರೋ ನಾಲ್ಕೋ ಚಕ್ರಗಳು ಒಂದರ ಹಿಂದೆ ಒಂದು ಒಂದೇ ಸಾಲಿನಲ್ಲಿ ಇರುತ್ತವೆ. ಅದಕ್ಕೇ ಇನ್‌ಲೈನ್ ಎಂಬ ಹೆಸರು. ದೊಡ್ಡ ಚಕ್ರ ಅಂದ್ರೆ ಸುಮಾರು 12 ಸೆಂಟಿಮೀಟರ್ ಅಡ್ಡಗಲ. ಪ್ರತಿ ಚಕ್ರದೊಳಗೆ ಬೇರಿಂಗ್ ಇದೆ. ವೇಗದ ಓಟದ ಬೂಟಿಗೆ ಬ್ರೇಕ್ ಇರುವುದಿಲ್ಲ. ತಲೆಗೆ ಹೆಲ್ಮೆಟ್ ಕಡ್ಡಾಯ. ಓಡುವವರು ನೆಟ್ಟಗೆ ನಿಲ್ಲುವುದಿಲ್ಲ. ಗದ್ದೆಯಲ್ಲಿ ನೆಟ್ಟಿ ಮಾಡುವವರ ಹಾಗೆ ಸೊಂಟ ಬಗ್ಗಿಸಿ, ಮೊಣಕಾಲು ಮಡಚಿ, ಕಾಲನ್ನು ಹಿಂದಕ್ಕಲ್ಲ, ಪಕ್ಕಕ್ಕೆ ತಳ್ಳುತ್ತಾ ಹೋಗುತ್ತಾರೆ. ಬಗ್ಗಿದಷ್ಟೂ ಗಾಳಿ ತಡೆಯುವುದು ಕಡಿಮೆ. ತಿರುವಿನಲ್ಲಿ ಟ್ರ್ಯಾಕು ಬಾಣಲೆಯ ಅಂಚಿನ ಹಾಗೆ ಹೊರಗಡೆಯಿಂದ ಎತ್ತರವಾಗಿ ಇರುತ್ತದೆ. ಇಲ್ಲದಿದ್ದರೆ ಆ ವೇಗಕ್ಕೆ ಹೊರಗೆ ಎಸೆದು ಹೋಗುತ್ತಾರೆ.

ಇದರಲ್ಲೂ ರಿಲೇ ಇದೆ. ಅದಕ್ಕೆ ಕೋಲು ಇಲ್ಲ. ಬಂದವರು ಮುಂದೆ ಹೋಗುವವರನ್ನು ಕೈಯಿಂದ ಹಿಂದಿನಿಂದ ದೂಡುತ್ತಾರೆ. ಆ ದೂಡುವುದೇ ಕೋಲು ಕೊಟ್ಟ ಹಾಗೆ. ಒಬ್ಬೊಬ್ಬರಿಗೂ ಮತ್ತೆ ಮತ್ತೆ ಸರದಿ ಬರುತ್ತದೆ. ನಮ್ಮ ರಿಲೇಯಲ್ಲಿ ಎದೆ ಗೆರೆ ದಾಟಬೇಕು. ಅವರಲ್ಲಿ ಬೂಟಿನ ಮುಂದಿನ ಚಕ್ರ ಗೆರೆ ದಾಟಬೇಕು. ಅದಕ್ಕೇ ಕೊನೆಯಲ್ಲಿ ಎಲ್ಲರೂ ಒಂದು ಕಾಲನ್ನು ಉದ್ದಕ್ಕೆ ಮುಂದೆ ಚಾಚುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದು ಪುರುಷರ 3000 ಮೀಟರ್ ರಿಲೇ. ಕೊನೆಯಲ್ಲಿ ದಕ್ಷಿಣ ಕೊರಿಯಾದ ಜಂಗ್ ಚಿಯೋಲ್ ವಾನ್ ಎಂಬವರು ಎಲ್ಲರಿಗಿಂತ ಮುಂದೆ ಇದ್ದರು. ಅವರ ಹಿಂದೆಯೇ ಚೈನೀಸ್ ತೈಪೆ ತಂಡದ ಹುವಾಂಗ್ ಯು ಲಿನ್. ತೈವಾನಿನವರು ಕ್ರೀಡೆಯಲ್ಲಿ ಈ ಹೆಸರಿನಿಂದ ಆಡುತ್ತಾರೆ. ಗೆರೆ ಹತ್ತಿರ ಬಂತು. ಜಂಗ್ ಅವರು ಚಿನ್ನ ಗೆದ್ದೇ ಬಿಟ್ಟೆವು ಎಂದು ತಿಳಿದು ಮೈ ನೆಟ್ಟಗೆ ಮಾಡಿ ಎರಡೂ ಕೈ ಮೇಲೆತ್ತಿದರು. ಹುವಾಂಗ್ ಅವರು ಕೈ ಎತ್ತಲಿಲ್ಲ. ಎಡವಿ ಬೀಳುವವರ ಹಾಗೆ ಕಾಲನ್ನು ಮುಂದಕ್ಕೆ ಚಾಚಿದರು. ಅಷ್ಟೇ. ಕೊರಿಯಾದವರು ತಮ್ಮ ಬಾವುಟ ಹಿಡಿದು ಸಂಭ್ರಮ ಮಾಡುತ್ತಾ ಇರುವಾಗ ಫಲಿತಾಂಶ ಬಂತು. ಚೈನೀಸ್ ತೈಪೆ 4 ನಿಮಿಷ 5.692 ಸೆಕೆಂಡ್. ದಕ್ಷಿಣ ಕೊರಿಯಾ 4 ನಿಮಿಷ 5.702 ಸೆಕೆಂಡ್. ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು!

ನಾನು ಇದನ್ನು ಲೆಕ್ಕ ಮಾಡಿ ನೋಡಿದೆ. 3000 ಮೀಟರನ್ನು 245.692 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಸರಾಸರಿ 12.2 ಮೀಟರ್ ಬರುತ್ತದೆ. ಗಂಟೆಗೆ ಸುಮಾರು 44 ಕಿಲೋಮೀಟರ್. ನಮ್ಮ ಘಟ್ಟದ ರಸ್ತೆಯ ತಿರುವಿನಲ್ಲಿ ಬಸ್ಸು ಸಹ ಅಷ್ಟು ವೇಗವಾಗಿ ಹೋಗುವುದಿಲ್ಲ. ಆ ವೇಗದಲ್ಲಿ ನೂರರ ಒಂದು ಪಾಲು ಸೆಕೆಂಡಿಗೆ 12 ಸೆಂಟಿಮೀಟರ್. ನಮ್ಮ ಕಂಪಾಸ್ ಪೆಟ್ಟಿಗೆಯೊಳಗಿನ ಅಳತೆಪಟ್ಟಿ 15 ಸೆಂಟಿಮೀಟರ್ ಇರುತ್ತದೆ. ಅದಕ್ಕಿಂತಲೂ ಕಡಿಮೆ ಅಂತರದಲ್ಲಿ ಒಂದು ದೇಶದ ಚಿನ್ನ ಇನ್ನೊಂದು ದೇಶಕ್ಕೆ ಹೋಯಿತು. ಜಂಗ್ ಅವರು ಕೈ ಎತ್ತದೆ ಕಾಲು ಚಾಚಿದ್ದರೆ ಸಾಕಿತ್ತು.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂಬ ಗಾದೆ ನಮಗೆಲ್ಲ ಬಾಯಿಪಾಠ ಇದೆ. ವಿಡಿಯೋ ನೋಡಿದ ಕೂಡಲೇ ನಮ್ಮ ಮೊದಲ ಓಟಗಾರ "ನಮ್ಮಂವ ಮಾಡಿದ್ದೂ ಇದೇಯ!" ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮಾಸ್ತರು ನಗಲಿಲ್ಲ. "ಆಮೇಲೆ ಎಂತ ಆಯ್ತು ಗೊತ್ತದ್ಯಾ?" ಎಂದು ಕೇಳಿದರು. ಆಮೇಲಿನದನ್ನು ಅವರು ಹೇಳಿದ ಹಾಗೆ ಬರೆಯುತ್ತೇನೆ. ನನ್ನ ಅಭಿಪ್ರಾಯ ಹುಟ್ಟಿದ್ದು ಅಲ್ಲಿಂದ.

ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತ ಗಂಡಸರೆಲ್ಲರೂ ಒಂದೂವರೆ ವರ್ಷವಾದರೂ ಸೈನ್ಯದಲ್ಲಿ ಕೆಲಸ ಮಾಡಲೇಬೇಕು. ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರಿಗೆ ಅದರಿಂದ ವಿನಾಯಿತಿ ಸಿಗುತ್ತದೆ. ಅವರ ತಂಡದ ಚೋಯ್ ಗ್ವಾಂಗ್ ಹೋ ಎಂಬವರು ಹಿಂದಿನ ದಿನವೇ 1000 ಮೀಟರಿನಲ್ಲಿ ಚಿನ್ನ ಗೆದ್ದಿದ್ದರು. ಆದರೆ ಜಂಗ್ ಅವರಿಗೂ, ಇನ್ನೊಬ್ಬ ಗೆಳೆಯ ಚೋಯ್ ಇನ್ ಹೋ ಅವರಿಗೂ ಈ ರಿಲೇಯ ಚಿನ್ನ ಬೇಕಾಗಿತ್ತು. ಅದು ಕೈ ತಪ್ಪಿತು. ಅಂದ್ರೆ ಒಬ್ಬರು ಕೈ ಎತ್ತಿದ್ದಕ್ಕೆ ಪಕ್ಕದ ಗೆಳೆಯರಿಗೂ ನಷ್ಟ. ಜಂಗ್ ಅವರು ತನ್ನದೇ ತಪ್ಪು, ಕೊನೆಯವರೆಗೆ ಪೂರ್ತಿ ಓಡಲಿಲ್ಲ ಎಂದು ಒಪ್ಪಿಕೊಂಡು ಗೆಳೆಯರಲ್ಲಿಯೂ ಜನರಲ್ಲಿಯೂ ಕ್ಷಮೆ ಕೇಳಿದರು. ಇಡೀ ಪ್ರಪಂಚ ಆ ವಿಡಿಯೋ ನೋಡಿತು. ನಾವು ಕಳೆದುಕೊಂಡದ್ದು ತಾಲೂಕು ಮಟ್ಟದ ಒಂದು ಓಟ ಮಾತ್ರ. ಅವರು ಕಳೆದುಕೊಂಡದ್ದರ ಮುಂದೆ ನಮ್ಮದು ಎಷ್ಟು ಸಣ್ಣದು ಎಂದು ಯೋಚಿಸಿ. ನಮ್ಮ ಗೆಳೆಯನೂ ಅಂದೇ ಮೈದಾನದಲ್ಲಿ "ತಪ್ಪಾಯ್ತು" ಎಂದಿದ್ದ. ನಾವು ಯಾರೂ "ಅಡ್ಡಿಲ್ಲ" ಎಂದು ಹೇಳಲಿಲ್ಲ.

ಇನ್ನು ಗೆದ್ದವರ ಕಥೆ ಕೇಳಿ. ಹುವಾಂಗ್ ಅವರು ಗೆದ್ದ ಮೇಲೆ, ಎದುರಿನವರು ಸಂಭ್ರಮ ಮಾಡುತ್ತಿದ್ದಾಗ ತಾನು ಇನ್ನೂ ಹೋರಾಡುತ್ತಿದ್ದೆ ಎಂಬ ಅರ್ಥದ ಮಾತು ಹೇಳಿದರು. ಒಳ್ಳೆಯ ಮಾತು. ಆದರೆ ಅದೇ ತಿಂಗಳು ಅವರದೇ ತೈವಾನಿನ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 1000 ಮೀಟರ್ ಓಟ ನಡೆಯಿತು. ಹುವಾಂಗ್ ಅವರೇ ಮುಂದೆ ಇದ್ದರು. ಗೆರೆ ದಾಟುವ ಮೊದಲೇ ಅವರೂ ಗೆದ್ದೆನೆಂದು ಸಂಭ್ರಮ ಮಾಡಿದರು! ಚಾವ್ ತ್ಸು ಚೆಂಗ್ ಎಂಬವರು ಕಾಲು ಚಾಚಿ 0.03 ಸೆಕೆಂಡಿನಿಂದ ಗೆದ್ದರು. ಈ ಚಾವ್ ಅವರು ಹಾಂಗ್‌ಝೌದಲ್ಲಿ ಹುವಾಂಗ್ ಅವರ ಜೊತೆಯವರೇ.

ಇದನ್ನು ಕೇಳಿ ನಮಗೆ ಮೊದಲು ನಂಬಿಕೆ ಬರಲಿಲ್ಲ. ಬೇರೆಯವರ ಆ ತಪ್ಪಿನಿಂದಲೇ ಚಿನ್ನ ಗೆದ್ದವರು, ಆ ತಪ್ಪನ್ನು ಕಣ್ಣಾರೆ ನೋಡಿದವರು, ಕೆಲವೇ ದಿನಗಳಲ್ಲಿ ಅದೇ ತಪ್ಪು ಮಾಡಿದರು. ಹಾಗಾದರೆ ಇದು ಬುದ್ಧಿ ಇಲ್ಲದವರು ಮಾಡುವ ತಪ್ಪು ಅಲ್ಲ. ಅಹಂಕಾರಿಗಳು ಮಾತ್ರ ಮಾಡುವ ತಪ್ಪೂ ಅಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿ, ಮುಂದೆ ಓಡುತ್ತಾ ಇದ್ದು, ತುಂಬಾ ಸಂತೋಷ ಆದವರು ಮಾಡುವ ತಪ್ಪು. ಹಿಂದೆ ಇದ್ದವರಿಗೆ ಈ ತಪ್ಪು ಮಾಡಲು ಅವಕಾಶವೇ ಇಲ್ಲ. ನಡೆಯುವವನು ಎಡವುವನಲ್ಲದೆ ಕುಳಿತವನು ಎಡವುವನೇ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ನಮ್ಮ ಗೆಳೆಯನಿಗೆ "ಕೈಯೆತ್ತಪ್ಪ" ಅನ್ನುವವರಲ್ಲಿ ಹೆಚ್ಚಿನವರು ಆ ದಿನ ಗ್ಯಾಲರಿಯ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕುಳಿತಿದ್ದರು.

ಈಗ ಇನ್ನೊಂದು ಮಾತು. ವಿಡಿಯೋ ಮುಗಿದ ಮೇಲೆ ಮಾಸ್ತರು "ಈ ಓಟದಲ್ಲಿ ಮೂರನೇ ಸ್ಥಾನ ಯಾರಿಗೆ?" ಎಂದು ಕೇಳಿದರು. ನಮಗೆ ಯಾರಿಗೂ ಗೊತ್ತಿರಲಿಲ್ಲ. "ಭಾರತಕ್ಕೆ!" ಎಂದರು. ನಮಗೆ ನಾಚಿಕೆಯಾಯಿತು. ಎರಡು ಸಲ ವಿಡಿಯೋ ನೋಡಿಯೂ ನಮ್ಮ ದೇಶದವರನ್ನೇ ನಾವು ನೋಡಿರಲಿಲ್ಲ! ಕೈ ಎತ್ತಿ ಸೋತವರನ್ನು ನೋಡಿ ನಗುವುದರಲ್ಲೇ ಇದ್ದೆವು.

ಭಾರತದ ತಂಡದಲ್ಲಿ ಆರ್ಯನ್‌ಪಾಲ್ ಸಿಂಗ್ ಘುಮನ್, ಆನಂದ್‌ಕುಮಾರ್ ವೇಲ್‌ಕುಮಾರ್, ಸಿದ್ಧಾಂತ್ ಕಾಂಬ್ಳೆ ಮತ್ತು ವಿಕ್ರಮ್ ಇಂಗಳೆ ಇದ್ದರು. ಸಮಯ 4 ನಿಮಿಷ 10.128 ಸೆಕೆಂಡ್. ಚಿನ್ನ ಗೆದ್ದವರಿಗಿಂತ ಸುಮಾರು ನಾಲ್ಕೂವರೆ ಸೆಕೆಂಡ್ ಹಿಂದೆ. ಅಂದೇ ಮಹಿಳೆಯರ 3000 ಮೀಟರ್ ರಿಲೇಯಲ್ಲಿಯೂ ಭಾರತಕ್ಕೆ ಕಂಚು ಬಂತು. ಅದರಲ್ಲಿ ಸಂಜನಾ ಬತುಲ, ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು, ಆರತಿ ಕಸ್ತೂರಿ ರಾಜ್ ಇದ್ದರು. ಅವರ ಸಮಯ 4 ನಿಮಿಷ 34.861 ಸೆಕೆಂಡ್. ಇದಕ್ಕೂ ಮೊದಲು 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಸ್ಕೇಟಿಂಗಿನಲ್ಲಿ ಕಂಚು ಬಂದಿತ್ತು. ಆದರೆ ಅದು ಸಂಗೀತಕ್ಕೆ ಕುಣಿಯುವ ಹಾಗೆ ಮಾಡುವ ಕಲಾತ್ಮಕ ಸ್ಕೇಟಿಂಗು, ವೇಗದ ಓಟವಲ್ಲ.

ಮೂರನೇ ಸ್ಥಾನ ಬಂದ ಆ ತಂಡದ ಆನಂದ್‌ಕುಮಾರ್ ಅವರು ಚೆನ್ನೈನವರು. ಕಂಚು ಸಾಕು ಎಂದು ಅವರು ಮನೆಯಲ್ಲಿ ಕೂರಲಿಲ್ಲ. 2025ರ ಆಗಸ್ಟಿನಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ 1000 ಮೀಟರ್ ಓಟದಲ್ಲಿ ಕಂಚು ಗೆದ್ದರು. ಮರುತಿಂಗಳೇ ಚೀನಾದಲ್ಲಿಯೇ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಅದೇ 1000 ಮೀಟರಿನಲ್ಲಿ ಚಿನ್ನ ಗೆದ್ದರು. ಈ ಆಟದಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಅವರು. 2023ರಲ್ಲಿ ಮೂರನೆಯವರಾಗಿ ಬಂದಾಗ ಯಾರಾದರೂ ಅವರಿಗೆ ಅಡ್ಡ ಹೆಸರಿಟ್ಟು ನಗಾಡಿದ್ದರೆ, ಅವರೂ ಬೂಟು ಕಳಚಿ ಇಟ್ಟಿದ್ದರೆ, ಈ ಚಿನ್ನ ಬರುತ್ತಿತ್ತೇ? ಒಂದು ಓಟದ ಫಲಿತಾಂಶ ಒಂದು ಓಟದ್ದು ಮಾತ್ರ. ಅದನ್ನು ಮನುಷ್ಯನ ಹಣೆಗೆ ಅಂಟಿಸಬಾರದು ಎಂಬುದು ನನ್ನ ಅಭಿಪ್ರಾಯ.

ಕೆಲವರು ಕೇಳಬಹುದು: "ಹಾಗಾದ್ರೆ ತಪ್ಪು ಮಾಡಿದವನಿಗೆ ಎಂತದೂ ಹೇಳೂದೇ ಬೇಡ್ವಾ? ನಾವು ಎರಡು ತಿಂಗಳು ಮಳೆಯಲ್ಲಿ ಅಭ್ಯಾಸ ಮಾಡಿದ್ದು ನೀರಿಗೆ ಹೋಮ ಮಾಡಿದ ಹಾಗಾಯ್ತಲ್ಲ?" ಇದು ನ್ಯಾಯವಾದ ಪ್ರಶ್ನೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ತಾಲೂಕು ಮಟ್ಟಕ್ಕೆ ಹೋಗುತ್ತೇನೆಂದು ಅಪ್ಪನ ಹತ್ತಿರ ಹೇಳಿ ಆಗಿತ್ತು. ಎರಡು ದಿನ ಊಟ ಸೇರಲಿಲ್ಲ. ತಪ್ಪನ್ನು ತಪ್ಪು ಎಂದು ಹೇಳಲೇಬೇಕು. ಅಂದೇ ಮಾಸ್ತರು ಹೇಳಿದರು, ಅವನೂ ಒಪ್ಪಿಕೊಂಡ. ಹೇಳುವುದು ಅಲ್ಲಿಗೆ ಮುಗಿಯಿತು. ಆಮೇಲೆ ದಿನಾ ಹಾಜರಿ ಹೊತ್ತಿಗೆ ನಗುವುದು ತಪ್ಪು ತಿದ್ದುವುದಕ್ಕಲ್ಲ. ಅದು ನಮ್ಮ ಖುಷಿಗೆ. ಒಂದು ತಪ್ಪಿಗೆ ಎಷ್ಟು ದಿನ ಶಿಕ್ಷೆ? ಒಂದು ಸೆಕೆಂಡಿನ ತಪ್ಪಿಗೆ ಮೂರು ತಿಂಗಳು ಆಯಿತಲ್ಲ!

ಇಷ್ಟೆಲ್ಲ ಬರೆದ ಮೇಲೆ ನಾನು ಒಂದು ವಿಷಯ ಹೇಳದಿದ್ದರೆ ಸುಳ್ಳು ಬರೆದ ಹಾಗಾಗುತ್ತದೆ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ನಾನು ಮೂರನೇ ಓಟಗಾರ. ಕೋಲನ್ನು ಅವನ ಕೈಗೆ ಕೊಟ್ಟ ಮೇಲೆ ನಾನು ಮೈದಾನದ ಮಧ್ಯದಿಂದ ಅಡ್ಡ ಓಡಿ ಗೆರೆಯ ಹತ್ತಿರ ಬಂದೆ. ಅವನು ಮುಂದೆ ಇರುವುದು ಕಂಡಿತು. ನನಗೆ ತಡೆಯಲಾಗಲಿಲ್ಲ. "ಗೆದ್ವಿ! ಗೆದ್ವಿ ಮಾರಾಯಾ!" ಎಂದು ದೊಡ್ಡದಾಗಿ ಕೂಗಿದೆ. ಅವನು ನನ್ನ ಕಡೆ ತಿರುಗಿ ನೋಡಿದ. ಆಮೇಲೇ ಕೈ ಎತ್ತಿದ. ಮೊದಲು ಕೂಗಿದ್ದು ನಾನು. ಗೆರೆ ದಾಟುವ ಮೊದಲೇ ಕೈ ಎತ್ತಿದವನು ಅವನಾದರೆ, ಗೆರೆ ದಾಟುವ ಮೊದಲೇ ಬಾಯಿ ಬಿಟ್ಟವನು ನಾನು. ಅವನ ಕೈ ಎಲ್ಲರಿಗೂ ಕಂಡಿತು. ನನ್ನ ಕೂಗು ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಅವನಿಗೆ ಕೇಳಿಸಿತ್ತು. ಆದರೂ ಅವನು ಇಷ್ಟು ದಿನ ಯಾರ ಹತ್ತಿರವೂ "ಅಂವ ಕೂಗಿದ್ದಕ್ಕೆ ನಾನು ಕೈ ಎತ್ತಿದೆ" ಎಂದು ಹೇಳಲಿಲ್ಲ. ನಾನು ಮಾತ್ರ ಎಲ್ಲರ ಜೊತೆ ಸೇರಿ ನಕ್ಕೆ. ವಿಡಿಯೋದಲ್ಲಿ ಜಂಗ್ ಅವರು ಕೈ ಎತ್ತುವುದನ್ನು ನೋಡಿದಾಗ ನನಗೆ ನನ್ನ ಕೂಗೇ ನೆನಪಾಯಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನವೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ನನಗೂ ಒಂದು ಅಡ್ಡ ಹೆಸರು ಬೀಳುತ್ತದೆ ಎಂದು ಹೆದರಿದೆ. ಈಗ ಇಲ್ಲಿ ಬರೆದು ಹೇಳುತ್ತಿದ್ದೇನೆ. ಗೆಳೆಯಾ, ತಪ್ಪಾಯಿತು. ನೀನು ಇದನ್ನು ಓದಿದ ಮೇಲೆ ನನ್ನ ಪಕ್ಕದಲ್ಲಿ ಕೂರದಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ರಿಲೇ ಎಂದರೆ ಒಬ್ಬನ ಓಟವಲ್ಲ. ಸ್ಕೇಟಿಂಗಿನಲ್ಲಿ ಬಂದವನು ಹೋಗುವವನನ್ನು ಕೈಯಿಂದ ದೂಡುತ್ತಾನೆ ಎಂದು ಮೇಲೆ ಬರೆದಿದ್ದೆ. ದೂಡುವುದು ಸರಿ ಇದ್ದರೆ ವೇಗ ಸಿಗುತ್ತದೆ. ಓರೆಯಾಗಿ ದೂಡಿದರೆ ಮುಂದಿನವನು ತಾಳ ತಪ್ಪುತ್ತಾನೆ. ನಾನು ನನ್ನ ಗೆಳೆಯನನ್ನು ಕೂಗಿನಿಂದ ಓರೆಯಾಗಿ ದೂಡಿದೆ. ನಾವೆಲ್ಲ ಸೇರಿ ಈಗಲೂ ದಿನಾ ದೂಡುತ್ತಿದ್ದೇವೆ. ಇನ್ನು ಸರಿಯಾಗಿ ದೂಡೋಣ ಎಂಬುದು ನನ್ನ ವಿನಂತಿ. ಅದಕ್ಕೆ ನಾಲ್ಕು ಸಲಹೆ ಕೊಡುತ್ತೇನೆ. ಗುರುಗಳು ಸರಿ ಎಂದರೆ ಜಾರಿಗೆ ತರಬಹುದು.

ಮೊದಲನೆಯದು, "ಕೈಯೆತ್ತಪ್ಪ" ಎಂಬ ಹೆಸರನ್ನು ಇವತ್ತೇ ಬಿಡಬೇಕು. ಅವನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರು ಇದೆ. ಬಿಡಲಿಕ್ಕೇ ಆಗದಿದ್ದರೆ ನನಗೆ "ಗೆದ್ವೆಪ್ಪ" ಎಂದು ಇಡಿ, ನಾನು ಓಗೊಡುತ್ತೇನೆ.

ಎರಡನೆಯದು, ಅಭ್ಯಾಸ ಮಾಡುವಾಗ ಎರಡು ಗೆರೆ ಹಾಕಬೇಕು. ನಿಜವಾದ ಗೆರೆ ಒಂದು. ಅದಕ್ಕಿಂತ 5 ಮೀಟರ್ ಆಚೆ ಇನ್ನೊಂದು. ಎಲ್ಲರೂ ಎರಡನೇ ಗೆರೆಯವರೆಗೆ ಪೂರ್ತಿ ವೇಗದಲ್ಲಿ ಓಡಬೇಕು. ಆಗ ಮೊದಲ ಗೆರೆ ಬಂದಾಗ ಕೈ ಎತ್ತುವ ಯೋಚನೆಯೇ ಬರುವುದಿಲ್ಲ. ಸುಣ್ಣ ಸ್ವಲ್ಪ ಹೆಚ್ಚು ಬೇಕು ಅಷ್ಟೇ. ನಾನು ಮನೆಯಿಂದ ತರುತ್ತೇನೆ.

ಮೂರನೆಯದು, ಹೊರಗೆ ನಿಂತವರು "ಗೆದ್ವಿ" ಎಂದು ಕೂಗಬಾರದು. "ಓಡು" ಎಂದು ಮಾತ್ರ ಕೂಗಬೇಕು. ಗೆರೆ ದಾಟಿದ ಮೇಲೆ ಬೇಕಾದಷ್ಟು ಕೂಗೋಣ. ಈ ನಿಯಮ ಮೊದಲು ನನಗೆ.

ನಾಲ್ಕನೆಯದು ಮುಖ್ಯವಾದದ್ದು. ಜನವರಿಯ ಕ್ರೀಡಾದಿನದಲ್ಲಿ ನಮ್ಮ ತಂಡದ ಕೊನೆಯ ಓಟಗಾರ ಅವನೇ ಆಗಬೇಕು. ಬೇರೆಯವರನ್ನು ಹಾಕಿದರೆ ನಾವು ಗೆಲ್ಲಲೂಬಹುದು. ಆದರೆ ಅವನು ಏಳನೇ ತರಗತಿ ಮುಗಿಸಿ ಈ ಶಾಲೆ ಬಿಟ್ಟು ಹೈಸ್ಕೂಲಿಗೆ ಹೋಗುವಾಗ ಆ ಒಂದು ಸೋಲನ್ನೇ ಹೊತ್ತುಕೊಂಡು ಹೋಗುತ್ತಾನೆ. ನಮಗೆಲ್ಲ ಈ ಮೈದಾನದಲ್ಲಿ ಇದೇ ಕಡೆಯ ಓಟ. ಮತ್ತೆ ಇನ್ನೊಂದು ಲೆಕ್ಕ ನೋಡಿ. ನಮ್ಮ ನಾಲ್ಕು ಜನರಲ್ಲಿ ಇನ್ನು ಮುಂದೆ ಎಂದೂ ಗೆರೆಯ ಮೊದಲು ಕೈ ಎತ್ತದವನು ಯಾರು? ಅವನೇ! ಹುವಾಂಗ್ ಅವರು ಬೇರೆಯವರ ತಪ್ಪನ್ನು ನೋಡಿದ್ದರೂ ಕಲಿಯಲಿಲ್ಲ. ನಮ್ಮಂವ ನೋಡಿದ್ದಲ್ಲ, ಅನುಭವಿಸಿದ್ದಾನೆ. ಹಾಗಾಗಿ ಕೋಲನ್ನು ಕೊನೆಯಲ್ಲಿ ಹಿಡಿಯಲು ಅವನಿಗಿಂತ ನಂಬಿಕಸ್ತ ಬೇರೆ ಇಲ್ಲ.

ಗಣಿತ ಮಾಸ್ತರಲ್ಲಿಯೂ ಒಂದು ವಿನಂತಿ. ನಾಳೆ ತರಗತಿಯಲ್ಲಿ ಭಿನ್ನರಾಶಿಯ ಲೆಕ್ಕ ಕೇಳಿದಾಗ ನಮ್ಮ ಬೆಂಚಿನ ಕಡೆ ಸ್ವಲ್ಪ ನೋಡಿರಿ. ಅವನ ಪಟ್ಟಿಯಲ್ಲಿ ಉತ್ತರ ಬರೆದಿರುತ್ತದೆ. ಅವನು ಕೈ ಎತ್ತಿದರೆ ಯಾರೂ ನಗದಿರಲಿ. ತರಗತಿಯಲ್ಲಿ ಕೈ ಎತ್ತುವುದಕ್ಕೆ ಯಾವ ಗೆರೆಯೂ ಇಲ್ಲ, ಎಷ್ಟು ಮೊದಲು ಎತ್ತಿದರೂ ಒಳ್ಳೆಯದೇ.

ನನ್ನ ಬರಹದಲ್ಲಿ ತಪ್ಪಿದ್ದರೆ ಗುರುಹಿರಿಯರು ಕ್ಷಮಿಸಬೇಕು. ಬೇರೆ ಅಭಿಪ್ರಾಯ ಇದ್ದವರು ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಬರೆಯಿರಿ. ಹಿಂದಿನಿಂದ ಹೇಳಬೇಡಿ.

ಇಂತಿ ನಿಮ್ಮವ,
ರಿಲೇ ತಂಡದ ಮೂರನೇ ಓಟಗಾರ
7ನೇ ತರಗತಿ, ಗೇರುಸೊಪ್ಪ